ವಿಮಾನದ ಮೌಶಿ

ನಮ್ಮ ಮೌಶಿ ಯಾರ ಮಾತನ್ನೂ ಕೇಳುವುದಿಲ್ಲ ಎಂದು ಬಂಧುಬಳಗದಲ್ಲೆಲ್ಲ ದೂರು. ಅದು ಸುಳ್ಳು. ಆಕೆ ಎಲ್ಲರ ಮಾತನ್ನೂ ಪೂರ್ತಿ ಕೇಳುತ್ತಾಳೆ, ತಲೆಯಾಡಿಸುತ್ತಾಳೆ, ಆಮೇಲೆ ತಾನು ಮೊದಲೇ ಅಂದುಕೊಂಡದ್ದನ್ನು ಮಾಡುತ್ತಾಳೆ. ಇಂಥವರನ್ನು ಮನೆಯಲ್ಲಿ ಹಟಮಾರಿ ಎನ್ನುತ್ತಾರೆ, ಕಂಪನಿಯಲ್ಲಿ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಎನ್ನುತ್ತಾರೆ. ಮೌಶಿ ಎರಡೂ ಆಗಿದ್ದಳು.

ಮೌಶಿ ಎಂದರೆ ನನ್ನ ಅವ್ವನ ತಂಗಿ. ಅಜ್ಜ ರೈಲ್ವೆಯವರು, ಹುಬ್ಬಳ್ಳಿಯಿಂದ ವರ್ಗವಾಗಿ ನಾಗಪುರಕ್ಕೆ ಬಂದು ಇಲ್ಲಿಯವರೇ ಆದರು. ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅಕ್ಕ ತಂಗಿ ಇಬ್ಬರೂ ಬೆಳೆದರು. ಅವ್ವ ಮದುವೆಯಾಗಿ ಇದೇ ಊರಲ್ಲಿ ಸಂಸಾರ ಹೂಡಿದಳು. ಮೌಶಿ ಮದುವೆಯಾಗಲಿಲ್ಲ. ಕಾರಣ ಕೇಳಿದವರಿಗೆಲ್ಲ ಒಂದೇ ಉತ್ತರ: "ನೋಡಾಕ ಬಂದಂವ ಅರ್ಧಾ ತಾಸು ಲೇಟ್ ಬಂದಿದ್ದ." ಆ ಮನುಷ್ಯ ಈಗಲೂ ಸೀತಾಬರ್ಡಿಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದಾನೆ. ಆ ಅಂಗಡಿಯ ಮುಂದೆ ಹಾದುಹೋಗುವಾಗಲೆಲ್ಲ ಮೌಶಿ ಒಮ್ಮೆ ತನ್ನ ಕೈಗಡಿಯಾರ ನೋಡಿಕೊಳ್ಳುತ್ತಾಳೆ.

ಬಿ.ಕಾಂ ಮುಗಿಸಿದವಳು ಬ್ಯಾಂಕಿಗೆ ಸೇರಬಹುದಿತ್ತು. ಸೇರಿದ್ದು ನಾಗಪುರದ ಹೊರಗಿನ ವಾಡಿಯ ಲಾರಿ ಕಂಪನಿಯೊಂದಕ್ಕೆ. ಲಾರಿಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವುದು ಅವಳ ಕೆಲಸ. ಸುತ್ತ ಗೋದಾಮುಗಳು, ಮುಂದೆ ಸಾಲುಗಟ್ಟಿ ನಿಂತ ಲಾರಿಗಳು, ಅವುಗಳ ನೆರಳಲ್ಲಿ ಚಾದರ ಹೊದ್ದು ಮಲಗಿದ ಚಾಲಕರು. ಇಳಕಲ್ ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ಹಾಕಿದ ಒಬ್ಬ ಕುಳ್ಳ ಹುಡುಗಿ ಬಂದು ಆ ಚಾದರಗಳನ್ನು ಒಂದೊಂದಾಗಿ ಎಳೆಯುತ್ತಿದ್ದಳಂತೆ. ಮೊದಲ ವಾರ ಅವರು ಬೈದರು. ಎರಡನೆಯ ವಾರ ಅವಳು ಬೈದಳು. ಆಮೇಲೆ ವಾಡಿಯಲ್ಲಿ ಶಾಂತಿ ನೆಲೆಸಿತು.

ಅಲ್ಲಿಂದ ವಿಮಾನ ನಿಲ್ದಾಣದ ಸರಕು ವಿಭಾಗ, ಅಲ್ಲಿಂದ ಟಿಕೆಟ್ ಕೌಂಟರು, ಅಲ್ಲಿಂದ ನಿಲ್ದಾಣದ ವ್ಯವಸ್ಥಾಪಕಿ. ಸಣ್ಣಪುಟ್ಟ ಊರುಗಳಿಗೆ ಚಿಕ್ಕ ವಿಮಾನ ಹಾರಿಸುವ ಹೊಸ ಕಂಪನಿಯೊಂದು ನಾಗಪುರದಲ್ಲಿ ಶುರುವಾದಾಗ ಅದಕ್ಕೆ ಸೇರಿದಳು. ಅದರ ಮುಖ್ಯಸ್ಥರು ಒಬ್ಬರಾದ ಮೇಲೊಬ್ಬರು ಮುಂಬಯಿಯಿಂದ ಬಂದರು, ನಾಗಪುರದ ಮೇ ತಿಂಗಳ ಬಿಸಿಲು ಕಂಡರು, ಹೋದರು. ಕೊನೆಗೆ ಆ ಕುರ್ಚಿಯಲ್ಲಿ ಕೂರಲು ಯಾರೂ ಒಪ್ಪದಿದ್ದಾಗ ಮಾಲೀಕರ ಕಣ್ಣು ಮೌಶಿಯ ಮೇಲೆ ಬಿತ್ತು. ಅಜ್ಜಿಗೆ ಆ ಉದ್ದನೆಯ ಹುದ್ದೆಯ ಹೆಸರು ಕೊನೆತನಕ ಬಾಯಿಗೆ ಬರಲಿಲ್ಲ. "ನಮ್ಮ ಸಣ್ಣಾಕಿ ವಿಮಾನದ ಸ್ಟೇಷನ್ ಮಾಸ್ತರ್ ಆಗ್ಯಾಳ" ಎಂದು ಓಣಿಗೆಲ್ಲ ಪೇಢೆ ಹಂಚಿದಳು. ರೈಲ್ವೆಯವರ ಮನೆಯಲ್ಲಿ ಅದಕ್ಕಿಂತ ದೊಡ್ಡ ಹುದ್ದೆ ಯಾವುದಿದೆ ಹೇಳಿ?

ಕಂಪನಿಯ ಶಿಸ್ತನ್ನು ಮೌಶಿ ಕಂಪನಿಯಲ್ಲೇ ಬಿಟ್ಟು ಬಂದಿದ್ದರೆ ನಮಗೇನೂ ತಕರಾರಿರಲಿಲ್ಲ. ಒಮ್ಮೆ ಸಾವನೇರಿನಲ್ಲಿ ಬಂಧುಗಳ ಗೃಹಪ್ರವೇಶ. ಮೌಶಿಯ ಕಾರಿನಲ್ಲಿ ಹೊರಟೆವು. ಅವ್ವನ ತೊಡೆಯ ಮೇಲಿದ್ದ ಉಂಡಿಯ ಡಬ್ಬಿ ಸೀಟಿನ ಕೆಳಗೆ ಹೋಗುವವರೆಗೆ ಗಾಡಿ ಚಾಲೂ ಆಗಲಿಲ್ಲ. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿ, ಹತ್ತೇ ನಿಮಿಷ ಎಂದಳು. ಅಪ್ಪ ಎರಡನೆಯ ಕಪ್ಪು ಹೇಳಿದ್ದರು. ಮೌಶಿ ಕಾರು ಹೊರಡಿಸಿಯೇ ಬಿಟ್ಟಳು.

"ಅಯ್ಯ, ಅವರು ಅಲ್ಲೇ ಉಳದ್ರಲ್ಲ ಮಾರಾಯ್ತಿ" ಎಂದು ಅವ್ವ ಹಿಂದೆ ನೋಡುತ್ತ ಒದ್ದಾಡಿದಳು.

"ಬಾಗಲಾ ಮುಚ್ಚೇತಿ ಅಕ್ಕಾ. ಈಗ ಏನೂ ಮಾಡಾಕ ಬರಂಗಿಲ್ಲ."

ಮುಂದೆ ಟೈರಿನ ಗಾಳಿ ಸರಿಯಿಲ್ಲವೆಂದು ಮೌಶಿಗೆ ಅನುಮಾನ ಬಂದು, ನಾಲ್ಕೂ ಚಕ್ರ ಬಿಚ್ಚಿಸಿ ನೋಡಿಸಿದಳು. ನಾವು ಸಾವನೇರು ಮುಟ್ಟಿದಾಗ ಅಪ್ಪ ಚಪ್ಪರದ ಕೆಳಗೆ ಆರಾಮಾಗಿ ಕೂತಿದ್ದರು. ಗಣಿಗೆ ಹೊರಟ ಕಲ್ಲಿದ್ದಲ ಲಾರಿ ಹತ್ತಿ ಬಂದಿದ್ದರು. ಹಲ್ಲೊಂದು ಬಿಟ್ಟು ಉಳಿದದ್ದೆಲ್ಲ ಕಪ್ಪು. ಮೌಶಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಾ ಬಿಟ್ಟ ಬಂದದ್ದ ಬರೋಬರ್ ಆತು ನೋಡ್ರಿ. ಇಲ್ಲಂದ್ರ ಇಷ್ಟು ಜಲ್ದಿ ಬರ್ತಿದ್ದಿಲ್ಲ ನೀವು" ಎಂದಳು.

ಆದರೆ ನಾನು ಹೇಳಹೊರಟದ್ದು ಆಕೆ ಸಂತೆಯಲ್ಲಿ ನಿಂತ ಕತೆ.

ಕಂಪನಿಯ ವಿಮಾನವೊಂದು ದಿನಾ ಮುಂಜಾನೆ ಕಾಡಿನಂಚಿನ ಒಂದು ಸಣ್ಣ ಊರಿಗೆ ಹೋಗಿ ಬರುತ್ತಿತ್ತು. ಹೋಗುವಾಗಲೂ ಖಾಲಿ, ಬರುವಾಗಲೂ ಖಾಲಿ. ಆ ಹಾರಾಟ ನಿಲ್ಲಿಸಿ ಎಂದರು ಮಾಲೀಕರು. ಮೌಶಿ ಎಂದಿನಂತೆ ಪೂರ್ತಿ ಕೇಳಿ, ತಲೆಯಾಡಿಸಿ, ಒಂದು ಚಳಿಗಾಲದಷ್ಟು ಸಮಯ ಕೊಡಿ ಎಂದಳು. ನಾನು ರಾಮದಾಸಪೇಠಿನ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಆ ಊರಿನ ರೋಗಿಗಳನ್ನು ನಾನು ಬಲ್ಲೆ. ಮೂಳೆ ಮುರಿದುಕೊಂಡವರು ಇಡೀ ದಿನ ಬಸ್ಸಿನಲ್ಲಿ ಕುಲುಕಾಡಿ ನಮ್ಮ ಹತ್ತಿರ ಬರುತ್ತಿದ್ದರು. ತಲೆಯ ಮೇಲೆ ವಿಮಾನ ಖಾಲಿ ಹಾರುತ್ತಿತ್ತು. ಅದು ತಮಗೂ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಹೇಳಲು ಮೌಶಿಯೇ ಹೊರಟಳು. ಹಳೆಯ ವಿಮಾನದಿಂದ ಕಿತ್ತಿಟ್ಟಿದ್ದ ಒಂದು ಸೀಟನ್ನು, ಬೆಲ್ಟಿನ ಸಮೇತ, ವಾಡಿಯ ಹಳೆಯ ಗೆಳೆಯನೊಬ್ಬನ ಲಾರಿಯಲ್ಲಿ ಹಾಕಿಸಿ, ಸಂತೆಯ ದಿನ ಆ ಊರಿಗೆ ಕೊಂಡೊಯ್ದಳು. ರಜೆ ಹಾಕಿ ನಾನೂ ಹೋಗಿದ್ದೆ. ಉಳ್ಳಾಗಡ್ಡಿ ರಾಶಿಗೂ ಮಡಕೆಯವನಿಗೂ ನಡುವೆ ಜಾಗ ಹಿಡಿದು ಸೀಟು ಇಡಿಸಿದಳು. ಪಕ್ಕದಲ್ಲಿ ತಾನು ನಿಂತಳು. ವಿಮಾನ ಕಂಪನಿಯ ಮುಖ್ಯಸ್ಥೆ ಸಂತೆಯಲ್ಲಿ ನಿಂತು "ಬರ್ರಿ, ಕೂತು ನೋಡ್ರಿ" ಎಂದು ಮರಾಠಿಯಲ್ಲಿ ಕೂಗುವುದನ್ನು ನೀವು ನೋಡಬೇಕಿತ್ತು. ನಾನು ನೋಡಲಿಲ್ಲ. ಮಡಕೆಗಳ ಕಡೆ ಮುಖ ತಿರುಗಿಸಿ ನಿಂತಿದ್ದೆ.

ಜನ ಸೇರಿದರು. ಮಾತೆಲ್ಲ ಮರಾಠಿಯದು, ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡ ಒಬ್ಬ ಮುದುಕಿ ಕೂತಳು. ಮೌಶಿ ತಾನೇ ಬಗ್ಗಿ ಬೆಲ್ಟು ಹಾಕಿದಳು.

"ಕಟ್ಟಿ ಹಾಕೋದು ಯಾಕೆ? ನಾನೇನು ಓಡಿಹೋಗ್ತೀನಾ?" ಎಂದಳು ಮುದುಕಿ.

"ವಿಮಾನ ಓಡುತ್ತೆ ಆಜಿ. ನೀವು ಹಿಂದೆ ಉಳಿಯಬಾರದಲ್ಲ."

"ಮೇಲೆ ಹೋದಮೇಲೆ ಇಂಜಿನ್ ಬಂದಾದರೆ?"

"ಎರಡಿದಾವೆ. ನಿಮ್ಮ ಬಸ್ಸಿಗೆ ಎಷ್ಟಿದಾವೆ?"

ಮುದುಕಿ ಬೆನ್ನನ್ನು ಹಿಂದಕ್ಕೆ ಆನಿಸಿದಳು. ಆಮೇಲೆ ಸೀಟು ಮೆತ್ತಗಿದೆ ಎಂದು ಅಲ್ಲೇ ನಿದ್ದೆ ಹೋದಳು. ಎಬ್ಬಿಸಲು ಮೌಶಿ ಬಿಡಲಿಲ್ಲ. ಸಂಜೆ ನೋಡಿದರೆ ಟಿಕೆಟ್ ಕೇಳಿದವರಿಗಿಂತ ಆ ಕುರ್ಚಿಯನ್ನೇ ಮಾರುತ್ತೀರಾ ಎಂದು ಕೇಳಿದವರು ಹೆಚ್ಚು. ಅವರಲ್ಲಿ ಒಬ್ಬ ಹಜಾಮ ತೀರಾ ಗಂಟುಬಿದ್ದಿದ್ದ.

"ಸಾಕ ಮೌಶಿ, ಮಂದಿ ನಗಾಕತ್ತಾರ" ಎಂದೆ ವಾಪಸು ಬರುವಾಗ.

"ನಗಲಿ. ನಕ್ಕಂವ ಮನೀಗೆ ಹೋಗಿ ಹೇಳ್ತಾನ. ಹೆದರಿದಂವ ಹೇಳಂಗಿಲ್ಲ."

ಮುಂದಿನ ಸಂತೆಗೂ ಹೋದಳು, ಅದರ ಮುಂದಿನದಕ್ಕೂ. ಜ್ವರವಿದ್ದ ವಾರವೂ ಶಾಲು ಸುತ್ತಿಕೊಂಡು ಹೋದಳು. ಮೊದಲು ಹತ್ತಿದ್ದು ಅದೇ ಮುದುಕಿ, ಮಗನ ಕೈ ಹಿಡಿದುಕೊಂಡು, ಮೊಣಕಾಲು ತೋರಿಸಲು. ಆಕೆ ಹಿಂತಿರುಗಿ ಹೋಗಿ ಸಂತೆಯಲ್ಲಿ ಏನು ಹೇಳಿದಳೋ, ಚಳಿಗಾಲ ಮುಗಿಯುವ ಹೊತ್ತಿಗೆ ಮುಕ್ಕಾಲು ವಿಮಾನ ತುಂಬುತ್ತಿತ್ತು. ನಮ್ಮ ಆಸ್ಪತ್ರೆಗೆ ಆ ಊರಿನವರು ನಗುತ್ತ ಬರತೊಡಗಿದರು. ಮುರಿದ ಮೂಳೆ ಇಟ್ಟುಕೊಂಡು ಮೋಡ ಹೇಗಿತ್ತೆಂದು ನನಗೆ ವರ್ಣಿಸುತ್ತಿದ್ದರು.

ಮಾಲೀಕರಿಗೆ ಮಾತ್ರ ನಗು ಬರಲಿಲ್ಲ. ಮುಖ್ಯಸ್ಥೆ ಉಳ್ಳಾಗಡ್ಡಿ ಪಕ್ಕ ನಿಂತ ಫೋಟೋ ಎಲ್ಲರ ಮೊಬೈಲಿನಲ್ಲೂ ಓಡಾಡಿ, ದೊಡ್ಡ ಊರುಗಳಲ್ಲಿ ಕಂಪನಿಯ ಮರ್ಯಾದೆ ಹೋಯಿತಂತೆ. ಸಭೆ ಕರೆದರು. ಹಾರಾಟ ವಾರಕ್ಕೆ ಮೂರು ದಿನ ಉಳಿಯುತ್ತದೆ, ಆದರೆ ಕಂಪನಿಗೆ ಹೊಸ ಮುಖ ಬೇಕು ಎಂದರು. ಮೌಶಿ ಪೂರ್ತಿ ಕೇಳಿ, ತಲೆಯಾಡಿಸಿ, "ಮೂರಲ್ಲ, ನಾಲ್ಕು ದಿನ ಮಾಡಿ, ಈಗಲೇ ರಾಜೀನಾಮೆ ಬರೆದುಕೊಡುತ್ತೇನೆ" ಎಂದಳು. ನಾಲ್ಕು ದಿನ ಎಂದು ಬರೆಸಿಕೊಂಡ ಮೇಲೆಯೇ ಸಹಿ ಹಾಕಿದ್ದು.

ಕೊನೆಯ ದಿನ ಕಚೇರಿಯಿಂದ ಸೀದಾ ನಮ್ಮ ಮನೆಗೆ ಬಂದಳು. ಇನ್ನೂ ಬಿಸಿಲಿತ್ತು. ಅವ್ವ ಅಡಿಗೆಮನೆಯಲ್ಲಿ ಮೆಂತ್ಯೆ ಸೋಸುತ್ತಿದ್ದಳು. ಮೌಶಿ ಬೂಟು ಬಿಚ್ಚಿ ಅಕ್ಕನ ಪಕ್ಕ ನೆಲದ ಮೇಲೆ ಕೂತು ತಾನೂ ಒಂದು ಹಿಡಿ ಸೊಪ್ಪು ಎಳೆದುಕೊಂಡಳು. ಈಗ ಮೆಂತ್ಯೆಗೂ ಒಂದು ಶಿಸ್ತು ಬರುತ್ತದೆ ಎಂದು ನಾನೂ ಅಪ್ಪನೂ ಬಾಗಿಲಲ್ಲಿ ನಿಂತು ಕಾದೆವು. ಆಕೆ ಅಕ್ಕ ಸೋಸಿದ ಹಾಗೆಯೇ ಸೋಸಿದಳು. ಬಹಳ ಹೊತ್ತಾದ ಮೇಲೆ, ಸೊಪ್ಪಿನಿಂದ ಕಣ್ಣೆತ್ತದೆ ಕೇಳಿದಳು:

"ಅಕ್ಕಾ, ನಾಳೆ ನಾ ಎಷ್ಟಕ್ಕ ಏಳಲಿ?"

ಅಪ್ಪ ಕೆಮ್ಮಿ ಹೊರಗೆ ಹೋದರು. ಅವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು ತಂಗಿಯ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು.

"ಮಲ್ಕೋ. ನಾ ಎಬ್ಬಸ್ತೇನಿ" ಎಂದಳು.