ಅಂಚೆಯಣ್ಣನ ಹಿತ್ತಲ ಕಲ್ಲು

ಅಂಚೆಯಣ್ಣ ಇಪ್ಪತ್ತೆಂಟು ವರ್ಷ ಊರವರಿಗೆಲ್ಲ ಕೆಟ್ಟ ಸುದ್ದಿ ಹಂಚಿದ್ದ. ಸೋಮವಾರ ಬೆಳಿಗ್ಗೆ ತನಗೇ ಒಂದು ಹಂಚಿಕೊಂಡ. ಲಕೋಟೆ ಬಂದು ಎಂಟು ದಿನವಾಗಿತ್ತು. ತನಗ್ಯಾರು ಬರೆಯುತ್ತಾರೆಂದು ಹೆಸರೂ ನೋಡದೆ ಚೀಲದ ತಳದಲ್ಲೇ ಬಿಟ್ಟಿದ್ದ ಪುಣ್ಯಾತ್ಮ.

‘ಸೋಮವಾರ ಹನ್ನೊಂದಕ್ಕೆ ಮೋಜಣಿ ಅಧಿಕಾರಿ ಬರುತ್ತಾರೆ. ನಿಮ್ಮದು ಪೇಟೆಗೆ ಸೇರದ ಬೇರೆ ಊರು ಎಂಬುದಕ್ಕೆ ಭೂಗೋಳ, ಇತಿಹಾಸ ತೋರಿಸತಕ್ಕದ್ದು. ತಪ್ಪಿದಲ್ಲಿ ಊರನ್ನು ನಕ್ಷೆಯಿಂದ ತೆಗೆದು ಅಂಚೆ ಕಚೇರಿ ಮುಚ್ಚಲಾಗುವುದು.’

ಅಂಚೆಯಣ್ಣ ಗಡಿಯಾರ ನೋಡಿದ. ಆಗಲೇ ಹತ್ತೂವರೆ. ಅವನ ಮನೆಯ ಮುಂದಿನ ಕೋಣೆಯೇ ಅಂಚೆ ಕಚೇರಿ. ಅದು ಹೋದರೆ ಈ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ?

ಊರಿನ ಭೂಗೋಳವೋ, ರಸ್ತೆಯ ಒಂದು ತಿರುವು, ಹನ್ನೊಂದು ಮನೆ, ಇಟ್ಟಿಗೆ ಭಟ್ಟಿಯ ಚಿಮಣಿ. ಇತಿಹಾಸವೋ, ಭಟ್ಟಿ ಮುಚ್ಚಿತು, ಅಷ್ಟೆ. ಹತ್ತು ಮನೆಗಳು ಪೇಟೆಯ ದಿಕ್ಕಿಗೆ ಸಾಲಾಗಿದ್ದವು. ಕೊನೆಯದು ಅಂಚೆಯಣ್ಣನದು, ಆ ಹತ್ತಕ್ಕೂ ಬೆನ್ನು ಹಾಕಿ ಕೂತಿತ್ತು.

ಸುದ್ದಿ ಕೇಳಿ ರಿಟೈರಾದ ಮೇಷ್ಟ್ರು ಓಡೋಡಿ ಬಂದರು. “ಹೆದರ್ಬೇಡ. ಹಿಂದೆ ಒಬ್ಬ ರಾಜ ಇಲ್ಲಿ ಒಂದು ರಾತ್ರಿ ತಂಗಿದ್ದ ಅಂತ ಹೇಳಿಬಿಡೋಣ.”

“ತಂಗಿದ್ರೆ ಬೆಳಿಗ್ಗೆ ಗಡ್ಡ ಹೆರೆಸ್ಕೊಳ್ತಿರ್ಲಿಲ್ವಾ?” ಎಂದ ಹಿಂದೆಯೇ ಬಂದಿದ್ದ ಕ್ಷೌರದವ. “ನಮ್ಮ ತಾತ ಅಂಥದ್ದೇನೂ ಹೇಳಿಲ್ಲಪ್ಪ.”

ಇಬ್ಬರೂ ರಾಜನ ಗಡ್ಡದ ಮೇಲೆ ಜಗಳಕ್ಕೆ ಬಿದ್ದಿರುವಾಗಲೇ ಮೋಜಣಿಯ ಮೇಡಂ ಜೀಪಿನಿಂದ ಇಳಿದರು.

“ಬಾಯಿಮಾತು ಬೇಡ. ಕಲ್ಲಿನ ಮೇಲೆ ಬರೆದದ್ದು ಏನಾದ್ರೂ ಇದ್ಯಾ?”

“ಇದೆ ಮೇಡಂ!” ಕ್ಷೌರದವ ಕುಣಿದ. “ಇವನ ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿದೆ. ಅದರ ಅಡಿಗೆ ಕೈ ಹಾಕಿದ್ರೆ ಅಕ್ಷರ ತಗಲುತ್ತೆ!”

ಅಂಚೆಯಣ್ಣನಿಗೆ ಅಪ್ಪ ನೆನಪಾದ. ಸಾಯುವಾಗ ಅಪ್ಪ ಆಡಿದ್ದು ಎರಡೇ ಮಾತು: ‘ಹೊಟ್ಟೆ ನೋಯ್ತಿದೆ’, ‘ಆ ಕಲ್ಲು ಮಗುಚಬೇಡ’. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ತಾನೆ?

“ನನ್ನ ಕಲ್ಲಿಗೆ ಯಾರೂ ಕೈ ಹಾಕ್ಬೇಡಿ!” ಎಂದು ಹೆಂಡತಿ ಅಡ್ಡ ನಿಂತಳು. ಯಾರು ಕೇಳುತ್ತಾರೆ! ಹಾರೆ ಬಂತು, ನಾಲ್ಕು ಜನ ಮೀಟಿದರು. ಬಟ್ಟೆ ನೆನೆಸಿದ್ದ ಬಕೆಟ್ಟು ಉರುಳಿ ಸೋಪಿನ ನೀರು ಮೇಡಂ ಶೂಗಳನ್ನು ತೊಳೆಯಿತು. ಕಲ್ಲು ದಬ್ಬನೆ ಮಗುಚಿ ಅಂಚೆಯಣ್ಣನ ಹೆಬ್ಬೆರಳನ್ನು ಜಜ್ಜಿತು. ಅವನು ಒಂಟಿಕಾಲಲ್ಲಿ ಕುಣಿಯುತ್ತಿರುವಾಗ ಕ್ಷೌರದವ ತನ್ನ ಕತ್ತಿಯಿಂದ ಮಣ್ಣು ಕೆರೆದ.

‘ಪೇಟೆಯ ಗಡಿ ಇಲ್ಲಿಗೆ ಮುಗಿಯಿತು.’

“ಅಯ್ಯೋ, ಮೂವತ್ತು ವರ್ಷದಿಂದ ಹುಡುಕ್ತಿದ್ದ ಗಡಿಕಲ್ಲು!” ಮೇಡಂ ಮುಖ ಅರಳಿತು.

“ಹಿತ್ತಲ ಗಿಡ ಮದ್ದಲ್ಲ ಅಂತಾರೆ, ಹಿತ್ತಲ ಕಲ್ಲೇ ಮದ್ದಾಯ್ತು ನೋಡಿ!” ಎಂದರು ಮೇಷ್ಟ್ರು.

ಹೆಂಡತಿ ಗಂಡನ ಕಿವಿಯಲ್ಲಿ ಉಸುರಿದಳು: “ಮದುವೆ ಆದ ಹೊಸದ್ರಲ್ಲಿ ಒಗೆಯೋಕೆ ಕಲ್ಲಿಲ್ಲ ಅಂತ ಅತ್ತಿದ್ದೆ. ಪಾಪ, ಮಾವ ಪೇಟೆ ಹತ್ರದಿಂದ ಗಾಡೀಲಿ ಹೇರ್ಕೊಂಡು ಬಂದ್ರು. ಮೂರು ಮೈಲಿ.”

ಮೇಡಂ ನಕ್ಷೆ ಬಿಡಿಸಿ ಗೆರೆ ಎಳೆದರು. “ಕಲ್ಲಿನಿಂದ ಆಚೆಯ ಹತ್ತು ಮನೆ ಪೇಟೆಗೆ ಸೇರಿದ್ದು. ಇನ್ಮೇಲೆ ನಲ್ಲಿ ನೀರು, ಬೀದಿದೀಪ, ಅಂಚೆ ಎಲ್ಲಾ ಪೇಟೆಯಿಂದಲೇ.”

ಊರವರು ಹೋ ಎಂದು ಚಪ್ಪಾಳೆ ತಟ್ಟಿದರು.

“ನಮ್ಮೂರು?” ಅಂಚೆಯಣ್ಣ ಕುಂಟುತ್ತಾ ಬಂದು ನಕ್ಷೆಯ ಮೇಲೆ ಬಗ್ಗಿದ.

“ಉಳೀತಲ್ರೀ! ಕಲ್ಲಿನಿಂದ ಈಚೆಗೆ ನಿಮ್ಮದೊಂದು ಮನೆ ಇದೆ. ಇನ್ಮೇಲೆ ಊರು ಅಂದ್ರೆ ಅದೇ.”

“ಆ ಕಲ್ಲು ಮೊದಲು ಬೇರೆ ಕಡೆ ಏನಾದ್ರೂ...”

“ಕಾಗದ ತಪ್ಪಬಹುದು, ಕಲ್ಲು ನಡೆಯೋದಿಲ್ಲ. ಯಾರಾದ್ರೂ ಕದ್ದು ತಂದಿದ್ರೆ ಹೇಳಿ. ಅವರ ಮನೆಯವರನ್ನ ಸರ್ಕಾರಿ ಕೆಲಸದಲ್ಲಿ ಒಂದು ದಿನವೂ ಇಟ್ಕೊಳ್ಳಲ್ಲ.”

ಅತ್ತ ದರಿ, ಇತ್ತ ಪುಲಿ. ಆದರೂ ಅಂಚೆಯಣ್ಣ ಬಾಯಿ ತೆರೆದ. ಹೆಂಡತಿ ಕಾಲು ತುಳಿದಳು, ಅದೂ ಜಜ್ಜಿದ ಬೆರಳನ್ನೇ. ಮಾತು ಹೊರಡಲಿಲ್ಲ, ಕಣ್ಣೀರು ಹೊರಟಿತು.

“ಸಂತೋಷಕ್ಕೆ ಅಳ್ತಿದ್ದಾನೆ” ಎಂದರು ಮೇಷ್ಟ್ರು.

“ಹಾಗಾದ್ರೆ ಇನ್ಮೇಲೆ ಬಟ್ಟೆ ಒಗೆಯೋಕೆ ನಾನು ಪೇಟೆಗೆ ಹೋಗ್ಬೇಕಾ?” ಎಂದಳು ಹೆಂಡತಿ.

ಹೊರಡುವ ಮೊದಲು ಮೇಡಂ ಮುಂದಿನ ಕೋಣೆಯಲ್ಲಿ ಕೂತು ಮೇಲಿನ ಕಚೇರಿಗೆ ನಾಲ್ಕು ಸಾಲು ಬರೆದು, ಲಕೋಟೆ ಮುಚ್ಚದೆ ಅವನ ಕೈಗಿತ್ತರು. “ಇವತ್ತೇ ಹೋಗ್ಲಿ.”

‘ಸದರಿ ಊರಿನಲ್ಲಿ ಒಂದೇ ಮನೆ ಇರುವುದರಿಂದ ಅಂಚೆ ಕಚೇರಿ ಮುಚ್ಚಬಹುದು’ ಎಂದಿತ್ತು.

ಅಂಚೆಯಣ್ಣ ಲಕೋಟೆ ಮುಚ್ಚಿ, ಸ್ಟಾಂಪು ಅಂಟಿಸಿ, ಊರ ಹೆಸರಿದ್ದ ಮುದ್ರೆ ಒತ್ತಿದ. ಇಪ್ಪತ್ತೆಂಟು ವರ್ಷದಲ್ಲಿ ಆ ಮುದ್ರೆ ಅಷ್ಟು ಸ್ಪಷ್ಟವಾಗಿ ಎಂದೂ ಬಿದ್ದಿರಲಿಲ್ಲ.