ಮಾಮಾನ ಬಿಯರ್ ಕಂಪನಿ

ಬೆಳಗಾವಿ ಜಿಲ್ಲೆಯಲ್ಲಿ ಬಿಯರ್ ಬಗ್ಗೆ ನಮ್ಮ ಮಾಮಾನಷ್ಟು ತಿಳಿದವರು ಇನ್ನೊಬ್ಬರಿಲ್ಲ. ಕುಡಿಯುವವರಿಗೆ ಏನು ಗೊತ್ತು? ಅವರಿಗೆ ಎಷ್ಟೋ ಸಲ ತಮ್ಮ ಮನೆಯ ದಾರಿಯೇ ಗೊತ್ತಿರುವುದಿಲ್ಲ! ನಮ್ಮ ಮಾಮಾ, ಅಂದರೆ ನನ್ನ ಅವ್ವನ ತಮ್ಮ, ಬಿಯರಿನ ಒಂದು ಹನಿಯನ್ನೂ ನಾಲಿಗೆಗೆ ಸೋಕಿಸಿದವನಲ್ಲ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಚಹಾ ಕೂಡ ದಿನಕ್ಕೆ ಒಂದೇ ಕಪ್ಪು. ಆದರೆ ಪರದೇಶದ ಒಂದು ಬಿಯರ್ ಕಂಪನಿಯ ಮೂಲಪುರುಷ ಯಾರು, ಅವನ ಮಗ ಯಾರು, ಮೊಮ್ಮಗ ಯಾವ ದೇಶಕ್ಕೆ ಹೋಗಿ ಯಾವ ಕಾರ್ಖಾನೆ ಕೊಂಡ ಎಂಬುದೆಲ್ಲ ಬಾಯಿಪಾಠ. ತನ್ನ ಅಜ್ಜನ ಅಪ್ಪನ ಹೆಸರು ಕೇಳಿ ನೋಡಿ, ಮನೆಯ ಸೂರು ನೋಡುತ್ತಾನೆ!

ಈ ಹುಚ್ಚು ಹತ್ತಿದ್ದು ತೊಂಬತ್ತರ ದಶಕದ ನಡುವೆ. ನಮ್ಮೂರು ದೊಡವಾಡ, ಕಾಲೇಜಿಗೆಂದು ನಾನು ಬೈಲಹೊಂಗಲದಲ್ಲಿ ಮಾಮಾನ ಮನೆಯಲ್ಲಿದ್ದೆ. ಮಾಮಾ ಅಲ್ಲಿಯ ಮಾರುಕಟ್ಟೆಯಲ್ಲಿ ಜೋಳದ ವ್ಯಾಪಾರಿ. ಒಂದು ದಿನ ಬೀಜ ಮಾರುವವನೊಬ್ಬ ಅಂಗಡಿಯಲ್ಲಿ ಕುಳಿತು, ಆಫ್ರಿಕಾದಲ್ಲಿ ದೊಡ್ಡ ದೊಡ್ಡ ಕಂಪನಿಗಳು ಜೋಳದಿಂದಲೂ ಬಿಯರ್ ಮಾಡುತ್ತವೆ ಎಂದು ಹೇಳಿ, ಚಹಾ ಕುಡಿದು ಎದ್ದು ಹೋದ. ಅವನು ಹೋದ, ಮಾತು ಹೋಗಲಿಲ್ಲ. ಮಾಮಾನ ತಲೆಯೊಳಗೆ ನಮ್ಮ ಬಿಳಿಜೋಳ ಆಗಲೇ ಹಡಗು ಹತ್ತಿಬಿಟ್ಟಿತ್ತು!

ಅಂಥ ಒಂದು ಕಂಪನಿಗೆ ಪತ್ರ ಬರೆಯಬೇಕು. ವಿಳಾಸ? ಕಿತ್ತೂರಿನ ಹತ್ತಿರ ಹೆದ್ದಾರಿಯ ಧಾಬಾ ಒಂದರ ಹಿಂದೆ ಬಿದ್ದಿದ್ದ ಪರದೇಶಿ ಬಿಯರಿನ ಖಾಲಿ ಬಾಟಲಿಯನ್ನು ಆರಿಸಿ, ಧೋತರದ ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸಿನಲ್ಲಿ ತಂದ. ಮುಚ್ಚಿಕೊಂಡಿದ್ದರಿಂದಲೇ ಬಸ್ಸಿಗೆ ಬಸ್ಸೇ ಅದನ್ನು ನೋಡಿತು. ಮನೆಗೆ ಬಂದವನೇ ಮೇಲಿನ ಚೀಟಿ ಬಿಡಿಸಲು ಅದನ್ನು ನೀರಿನಲ್ಲಿ ನೆನೆಹಾಕಿದ. ಅತ್ತಿ, ಅಂದರೆ ಮಾಮಾನ ಹೆಂಡತಿ, ಹೌಹಾರಿದಳು.

"ಏನ್ರೀ ಇದು? ಕುಡಿಯೂ ನೀರಿನ ಕೊಡದಾಗ ಬೀರಿನ ಬಾಟ್ಲಿ ಹಾಕೀರಿ?"

"ಬಾಟ್ಲಿ ಅಲ್ಲಽ ಇದು. ಅಡ್ರೆಸ್!"

ಪತ್ರ ಬರೆಯುವ ಕರ್ಮ ಯಾರದು? ಇಂಗ್ಲಿಷ್ ಕಲಿಯುತ್ತಿದ್ದ ನನ್ನದು! ನಮ್ಮ ಜೋಳದ ಬಣ್ಣ, ರುಚಿ, ಅದು ಬೆಳೆಯುವ ಕರಿಮಣ್ಣಿನ ಗುಣ, ಎಲ್ಲವನ್ನೂ ಮಾಮಾ ಹೇಳಿದಂತೆ ಬರೆದೆ. ಉತ್ತರ ಬರುವುದಿಲ್ಲ ಎಂಬ ಧೈರ್ಯದಿಂದಲೇ ಬರೆದೆ. ಬಂದುಬಿಟ್ಟಿತು! ಸದ್ಯಕ್ಕೆ ಜೋಳ ಬೇಡ, ತಮ್ಮ ಆಸಕ್ತಿಗೆ ವಂದನೆ ಎಂಬ ಎರಡು ಸಾಲಿನ ಜೊತೆಗೆ ಕಂಪನಿಯ ಇತಿಹಾಸದ ದಪ್ಪ ಪುಸ್ತಕ, ಆ ವರ್ಷದ ವರದಿ.

"ನೋಡಿದ್ಯಾ? ಸದ್ಯಕ್ಕ ಅಂದಾರ! ಬ್ಯಾಡಽ ಅಂದಿಲ್ಲ," ಎಂದು ಮಾಮಾ ಕುಣಿದಾಡಿದ.

ಅಂದಿನಿಂದ ವರ್ಷಕ್ಕೊಂದು ಪತ್ರ, ವರ್ಷಕ್ಕೊಂದು ವರದಿ. ಮಾಮಾನಿಗೆ ಇಂಗ್ಲಿಷ್ ಬಾರದು. ನಾನು ನಿಘಂಟು ಹಿಡಿದು ಓದಿ ಹೇಳಬೇಕು. ನನ್ನ ಪರೀಕ್ಷೆಯ ಪುಸ್ತಕಗಳಿಗೆ ಧೂಳು, ಬಿಯರ್ ಕಂಪನಿಗೆ ಪಾರಾಯಣ! ನಾನು ಒಮ್ಮೆ ಓದಿದ್ದನ್ನು ಮಾಮಾ ಮುನ್ನೂರು ಸಲ ಹೇಳುತ್ತಿದ್ದ. ಕ್ಷೌರದಂಗಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಒಮ್ಮೆ ಸತ್ತವರ ಮನೆಯ ಕಟ್ಟೆಯ ಮೇಲೂ! ಬಿಯರನ್ನು ಹುಳಿ ಬರಿಸುವ ಹೆಪ್ಪು ಮೂಲ ಕಾರ್ಖಾನೆಯಿಂದಲೇ ವಿಮಾನದಲ್ಲಿ ದೇಶದೇಶಕ್ಕೆ ಹೋಗುತ್ತದೆ, ಅದಕ್ಕೇ ಎಲ್ಲಿ ಕುಡಿದರೂ ಒಂದೇ ರುಚಿ ಎಂದು ಓದಿದ ದಿನವಂತೂ ಅಡುಗೆಮನೆಗೆ ಓಡಿದ.

"ನೀ ಮಸರಿಗೆ ಹೆಪ್ಪ ಹಾಕ್ತಿಯಲ್ಲ, ಥೇಟ್ ಹಂಗಽ!"

"ನನ್ನ ಮಸರಿನ ಸುದ್ದಿಗೆ ಬಂದ್ರ ನಾಳಿಂದ ಬರೇ ರೊಟ್ಟಿ ತಿನ್ನಬೇಕಾಕ್ಕೈತಿ," ಎಂದಳು ಅತ್ತಿ.

ಇಷ್ಟಾದರೂ ಸಹಿಸಬಹುದಿತ್ತು. ಆದರೆ ನನ್ನನ್ನು ನೋಡಲು ಗಂಡಿನವರು ಬಂದರು!

ರಾಮದುರ್ಗದವರು. ನನ್ನ ಓದು ಬೈಲಹೊಂಗಲದಲ್ಲೇ ಇದ್ದುದರಿಂದ ಹೆಣ್ಣು ತೋರಿಸುವ ಕೆಲಸವನ್ನು ಅವ್ವ ಮಾಮಾನಿಗೇ ಒಪ್ಪಿಸಿದ್ದಳು. ಹುಡುಗನ ತಂದೆ ಹೈಸ್ಕೂಲಿನ ಹೆಡ್‌ಮಾಸ್ತರರು. ಸಾಲೆಯ ಪಕ್ಕದ ಸಾರಾಯಿ ಅಂಗಡಿಯ ಮುಂದೆ ತಿಂಗಳುಗಟ್ಟಲೆ ಧರಣಿ ಕುಳಿತು ಅದನ್ನು ಎತ್ತಿಸಿದವರು. ಇದು ಗೊತ್ತಿದ್ದೇ ಅತ್ತಿ ಮಾಮಾನಿಗೆ ಕಂಪನಿಯ ಸೊಲ್ಲೆತ್ತಬಾರದೆಂದು ಬೆಳಿಗ್ಗೆಯಿಂದ ತಾಕೀತು ಮಾಡಿದ್ದಳು. ಹುಡುಗ ಬಂದ, ಕುಳಿತ. ನಾನು ಉಪ್ಪಿಟ್ಟಿನ ತಾಟು ಕೊಡುವಾಗ ಒಮ್ಮೆ ಕಣ್ಣೆತ್ತಿ ನೋಡಿದೆ. ಹಿಡಿಸಿಬಿಟ್ಟ! ಅಷ್ಟರಲ್ಲಿ ಹೆಡ್‌ಮಾಸ್ತರರು ಸುಮ್ಮನಿರಲಾರದೆ, "ಈ ವರ್ಷ ಜ್ವಾಳ ಹೆಂಗದಾವ್ರಿ?" ಎಂದು ಕೇಳಿದರು. ಕೇಳಬಾರದಿತ್ತು.

"ಜ್ವಾಳದ ಕಿಮ್ಮತ್ತು ನಮಗೆಲ್ಲಿ ಗೊತ್ತೈತ್ರಿ ಸರ್? ಆಫ್ರಿಕಾದಾಗ ಅದರ ಬೀರ ಮಾಡ್ತಾರ," ಎಂದು ಮಾಮಾ ಶುರುಮಾಡಿದ.

ಹೆಡ್‌ಮಾಸ್ತರರು ಚಹಾದ ಕಪ್ಪನ್ನು ಕೆಳಗಿಟ್ಟರು. ದನಿ ತಗ್ಗಿಸಿ, "ಹಂಗಾರ... ನಿಮ್ಮವರೂ ತಗೋತಾರೇನ್ರಿ?" ಎಂದರು.

ಮಾಮಾನ ಮುಖ ಅರಳಿತು. ಕಂಪನಿಯ ಬಗ್ಗೆ ಇಷ್ಟು ಆಸ್ಥೆಯಿಂದ ಯಾರು ಕೇಳಿದ್ದರು?

"ತಗೋತಾರ್ರಿ! ಹೋದ ವರ್ಷಽ ಎರಡು ತಗೊಂಡ್ರು. ಈ ವರ್ಷ ಇನ್ನೂ ದೊಡ್ಡದು ತಗೋಬೇಕಂತ ಮಾಡ್ಯಾರ!"

ಕಂಪನಿ ಕೊಂಡ ಕಾರ್ಖಾನೆಗಳ ಲೆಕ್ಕ ಅದು ಎಂದು ರಾಮದುರ್ಗದವರಿಗೆ ಹೇಗೆ ತಿಳಿಯಬೇಕು? ಅತ್ತಿ ಬಾಗಿಲ ಮರೆಯಲ್ಲಿ ಹಣೆ ಚಚ್ಚಿಕೊಂಡಳು. ಸಾಲದ್ದಕ್ಕೆ ಮಾಮಾ ನನ್ನ ಕಡೆ ಕೈತೋರಿಸಿ, "ಅವರ ಜೋಡಿ ವ್ಯವಹಾರೆಲ್ಲಾ ನಮ್ಮ ಹುಡುಗೀದಽ ರಿ!" ಎಂದು ಹೆಮ್ಮೆಯಿಂದ ಹೇಳಿದ.

ಉಪ್ಪಿಟ್ಟು ತಾಟಿನಲ್ಲೇ ಉಳಿಯಿತು. ಎರಡು ದಿನಕ್ಕೆ ಜಾತಕ ಕೂಡಲಿಲ್ಲ ಎಂದು ಸುದ್ದಿ ಬಂತು. ನಾವು ಜಾತಕವನ್ನೇ ಕೊಟ್ಟಿರಲಿಲ್ಲ!

ಆ ದಿನ ನಾನು ಮಾಮಾನಿಗೆ ಬಾಯಿಗೆ ಬಂದಂತೆ ಅಂದೆ. "ನಿನ್ನ ಸುಡುಗಾಡ ಕಂಪನಿ ನನ್ನ ಬಾಳೇವು ನುಂಗಿತು," ಎಂದು ಅತ್ತುಬಿಟ್ಟೆ. ಮಾಮಾ ಎದ್ದು ಹೊರಗೆ ಹೋದ. ಅದಾಗಿ ವಾರದೊಳಗೆ ರಾಮದುರ್ಗದಿಂದ ಮತ್ತೆ ಹೇಳಿಕಳಿಸಿದರು: ಹುಡುಗಿ ಒಪ್ಪಿಗೆ. ಯಾಕೆ, ಹೇಗೆ ಎಂದು ನಾನು ಕೇಳಲಿಲ್ಲ. ಕೇಳುವ ಪುರುಸೊತ್ತಾದರೂ ಎಲ್ಲಿತ್ತು? ಮದುವೆಯ ಮನೆಯಲ್ಲಿ ಮಾಮಾ ಕಂಪನಿಯ ಮಾತೆತ್ತದೆ ಓಡಾಡಿದ್ದನ್ನು ನೋಡಿ, ದೇವರು ಕಣ್ಣು ತೆರೆದ ಎಂದುಕೊಂಡೆ.

ಮೊದಲ ನಾಗರಪಂಚಮಿಗೆ ನನ್ನನ್ನು ತವರಿಗೆ ಕರೆದೊಯ್ಯಲು ಬಂದವನು ಮಾಮಾ. ಅವನು ಹೊರಗೆ ಕಾಲು ತೊಳೆಯುತ್ತಿದ್ದಾಗ ಹೆಡ್‌ಮಾಸ್ತರರು ನನ್ನನ್ನು ಕರೆದರು.

"ಜಾತಕ ಕೂಡಲಿಲ್ಲ ಅಂತ ನಾವು ಹೇಳಿಕಳಿಸಿದ ಮ್ಯಾಲ ನಿಮ್ಮ ಮಾಮಾ ಒಂದಿನ ಮುಂಜಾನೆ ಮೊದಲನೇ ಬಸ್ಸಿಗೆ ಬಂದು ನಮ್ಮ ಸಾಲಿ ಗೇಟಿನಾಗ ನಿಂತಿದ್ರವಾ. ಲಿಂಗ ಮುಟ್ಟಿ, 'ನಮ್ಮ ಮನ್ಯಾಗ ಯಾರೂ ಕುಡಿಯೂದಿಲ್ರಿ, ಹುಚ್ಚು ನನಗೊಬ್ಬಗಽ ಐತಿ. ಹುಡುಗೀನ ಒಪ್ಗೊಳ್ರಿ, ಇನ್ನ ಮ್ಯಾಲ ಆ ಕಂಪನಿ ಮಾತು ನನ್ನ ಬಾಯಾಗ ಬರೂದಿಲ್ಲ' ಅಂದ್ರು. 'ಕುಡಿಯೂದಿಲ್ಲ ಅಂದಮ್ಯಾಲ ಮುಗೀತ್ರಿ, ನೀವು ಬೇಕಾದ್ದು ಮಾತಾಡ್ರಿ' ಅಂದೆ ನಾ. ಕೇಳಲಿಲ್ಲ ಅವರು."

ಬಸ್ಸಿನಲ್ಲಿ ಮಾಮಾ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದ. ಎರಡು ಊರು ದಾಟಿದರೂ ಮಾತಿಲ್ಲ. ವರ್ಷಗಟ್ಟಲೆ ಯಾವ ಮೌನಕ್ಕೆ ನಾನು ಹರಕೆ ಹೊತ್ತಿದ್ದೆನೋ ಅದೇ ಈಗ ಎದೆಯ ಮೇಲೆ ಕುಳಿತಂತಾಯಿತು.

"ಮಾಮಾ, ಈ ವರ್ಷದ ಪುಸ್ತಕ ಬಂತೇನು?"

"ಬಂದೈತಿ."

"ಏನ ಅಂತಾರ?"

"ಬಿಚ್ಚಿಲ್ಲವಾ." ಕೈಚೀಲ ಎಳೆದುಕೊಂಡು, ಟವೆಲ್ಲಿನ ಅಡಿಯಿಂದ ಅಂಟು ಹಾಗೇ ಇದ್ದ ಲಕೋಟೆ ತೆಗೆದು ನನ್ನ ತೊಡೆಯ ಮೇಲಿಟ್ಟ. "ನೀ ಇಟ್ಕೋ. ನಾ ಲಿಂಗ ಮುಟ್ಟಿ ಮಾತು ಕೊಟ್ಟೇನಿ."

"ಹೇಳೂದಿಲ್ಲ ಅಂತ ಮಾತು ಕೊಟ್ಟಿ. ಕೇಳೂದಿಲ್ಲ ಅಂದಿಲ್ಲಲ್ಲ?"

ಮಾಮಾ ಯೋಚಿಸಿದ. ಕೊರಳಿನ ಲಿಂಗವನ್ನು ಅಂಗಿಯ ಮೇಲಿಂದಲೇ ಒಮ್ಮೆ ಮುಟ್ಟಿ ನೋಡಿಕೊಂಡ. "ಅದು ಅಂದಿಲ್ಲ ಬಿಡು," ಎಂದ.

ನಾನು ಲಕೋಟೆ ಹರಿದು, ಮೊದಲ ಪುಟದಿಂದ ಓದಿ ಕನ್ನಡದಲ್ಲಿ ಹೇಳತೊಡಗಿದೆ. ನಿಘಂಟು ಇರಲಿಲ್ಲ, ತಿಳಿಯದ ಕಡೆಯೆಲ್ಲ ನಾನೇ ಕಟ್ಟಿ ಹೇಳಿದೆ. ಕೊಟ್ಟ ಮಾತಿನಂತೆ ಮಾಮಾ ತುಟಿ ಬಿಚ್ಚಲಿಲ್ಲ. ಆದರೆ ಸವದತ್ತಿಯ ಗುಡ್ಡ ಕಾಣುವ ಹೊತ್ತಿಗೆ, ಪುಟ ಮಗುಚಲು ನನ್ನ ಬೆರಳಿಗಿಂತ ಮುಂಚೆ ಅವನ ಬೆರಳು ಬರತೊಡಗಿತ್ತು.