ಅತ್ತೆಯವರ ಇಪ್ಪತ್ತೇಳನೇ ನಂಬರಿನ ಕಾರು

ಕಾರುಗಳ ಮೇಲೆ ನನಗೆ ಎಂದೂ ಪ್ರೀತಿ ಹುಟ್ಟಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ, ಮಾರ್ಗನ್ ಹಿಲ್‌ನ ಮನೆಯಿಂದ ಮಿಲ್ಪಿಟಾಸ್‌ನ ಆಫೀಸಿಗೆ ವಾರವಿಡೀ ಮುಂದಿನ ಕಾರಿನ ಹಿಂಭಾಗ ನೋಡುತ್ತ ಫ್ರೀವೇಯಲ್ಲಿ ತೆವಳುವವನಿಗೆ ಅದು ಹುಟ್ಟುವುದೂ ಕಷ್ಟ. ಅಂಥ ನಾನು ಈ ವರ್ಷ, ಯುರೋಪಿನವರೇ ಸರಿಯಾಗಿ ನೋಡದ ಒಂದು ಪುಟ್ಟ ರೇಸ್ ಚಾಂಪಿಯನ್‌ಶಿಪ್ಪನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಭಕ್ತಿಯಿಂದಲ್ಲ, ಆಕಳಿಸುತ್ತ.

ಕಾರಣ ನನ್ನ ಅತ್ತೆ. ಏಪ್ರಿಲ್‌ನಲ್ಲಿ ಧಾರವಾಡದಿಂದ ಬಂದ ಹೊಸತರಲ್ಲಿ ಅವರಿಗೆ ನಸುಕಿನ ನಾಲ್ಕಕ್ಕೇ ಎಚ್ಚರವಾಗುತ್ತಿತ್ತು. ಒಂದು ಭಾನುವಾರ ಭಜನೆ ಹಾಕಿಕೊಡಲು ಹೋಗಿ ಟೀವಿಯಲ್ಲಿ ಏನೋ ಒತ್ತಿದೆ. ಚಕ್ರಗಳೆಲ್ಲ ಹೊರಗೇ ಕಾಣುವ, ಒಬ್ಬರಷ್ಟೇ ಕೂರುವ ಕಾರುಗಳು ಚೀರುತ್ತ ಬಂದವು. ಯುರೋಪಿನಲ್ಲಿ ಮಧ್ಯಾಹ್ನ ಎರಡು, ನಮಗೆ ಬೆಳಗಿನ ಐದು. ಕೆಟ್ಟು ನಿಂತ ಇಪ್ಪತ್ತೇಳನೇ ನಂಬರಿನ ಕಾರಿನಿಂದ ಇಳಿದವರು ಹೆಲ್ಮೆಟ್ ತೆಗೆದರು. ಉದ್ದನೆಯ ಜಡೆ ಕೆಳಗೆ ಬಿತ್ತು.

"ಅಯ್ಯ, ಹೆಣ್ಣುಡುಗಿ ಅದಾಳಲ್ರೀ!" ಎಂದರು ಅತ್ತೆ. "ಮತ್ತ ಯಾವಾಗ ಐತಿ ಇಕಿ ಆಟ?"

ಹುಡುಗಿಯ ಹೆಸರು ಮಾರ್ತಾ. ಆಕೆ ಒಂದು ರೇಸನ್ನೂ ಮುಗಿಸುತ್ತಿರಲಿಲ್ಲ. ಒಮ್ಮೆ ಗೇರು, ಒಮ್ಮೆ ಟೈರು, ಒಮ್ಮೆ ಸುಮ್ಮನೆ ಹೊಗೆ. ಅತ್ತೆಗೆ ಇಂಗ್ಲಿಷ್ ಕಾಮೆಂಟರಿ ತಿಳಿಯದು. ಆದ್ದರಿಂದ ರೇಸಿರುವ ಭಾನುವಾರಗಳಲ್ಲೆಲ್ಲ ನನ್ನ ಕೋಣೆಯ ಬಾಗಿಲು ಬಡಿಯುವುದು ಪದ್ಧತಿಯಾಯಿತು. "ಏಳ್ರೀ, ಚಾಲೂ ಆತು." ಹೆಂಡತಿ ವಿದ್ಯಾ ಮಗ್ಗುಲು ಬದಲಿಸಿ, "ಹೋಗಿ, ನಿಮ್ಮನ್ನೇ ಕರೀತಿರೋದು" ಎನ್ನುತ್ತಿದ್ದಳು.

ಆಗಸ್ಟಿನ ರೇಸಿನಲ್ಲಿ ಮಾರ್ತಾಳ ಕಾರು ತಿರುವಿನಲ್ಲಿ ಗೋಡೆಗೆ ಬಡಿಯಿತು. ಆಂಬುಲೆನ್ಸ್ ಕಾಣಿಸಿದ್ದೇ ಪ್ರಸಾರ ನಿಂತಿತು. ಅತ್ತೆ ತಿಂಡಿ ಮುಟ್ಟಲಿಲ್ಲ. ಯಾವ ಪತ್ರಿಕೆಯೂ ಸುದ್ದಿ ಬರೆಯದಷ್ಟು ಸಣ್ಣ ಚಾಂಪಿಯನ್‌ಶಿಪ್ಪು. ನನಗೋ ಕಣ್ಣು ಎಳೆಯುತ್ತಿತ್ತು. ಫೋನು ನೋಡಿದಂತೆ ಮಾಡಿ, "ಏನೂ ಆಗಿಲ್ವಂತೆ ಅತ್ತೆ, ಆರಾಮಾಗಿದಾಳಂತೆ" ಎಂದು ಹೇಳಿ ಹೋಗಿ ಮಲಗಿದೆ.

ಮುಂದಿನ ರೇಸಿನಲ್ಲಿ ಇಪ್ಪತ್ತೇಳನೇ ನಂಬರು ಇರಲೇ ಇಲ್ಲ. ಅತ್ತೆ ಟೀವಿ ಬಿಟ್ಟು ನನ್ನನ್ನೇ ನೋಡಿದರು.

"ಆರಾಮ ಅದಾಳಂತ ನೀವ ಹೇಳಿದ್ರಿ."

ಅವರು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೈಯಲಿಲ್ಲ, ಎದ್ದು ಒಳಗೆ ಹೋದರು. ಆ ದಿನವೇ ತಂಡದ ವಿಳಾಸ ಹುಡುಕಿ, ನಾಚಿಕೆ ಬಿಟ್ಟು ಒಂದು ಇಮೇಲ್ ಬರೆದೆ. ನಾಲ್ಕು ದಿನಗಳ ಮೇಲೆ ಉತ್ತರ ಬಂತು. ಬರೆದವಳು ಹುಡುಗಿಯ ತಾಯಿ. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿದೆ, ಕೊನೆಯ ರೇಸಿಗೆ ಬರುತ್ತಾಳೆ ಎಂದಿದ್ದಳು. ಆಮೇಲೆ, "ನಮ್ಮ ಮನೆಯವರನ್ನು ಬಿಟ್ಟು ಬೇರೆ ಯಾರಾದರೂ ಇವಳನ್ನು ನೋಡುತ್ತಾರೆಂದು ನಮಗೆ ಗೊತ್ತಿರಲಿಲ್ಲ" ಎಂದೂ ಬರೆದಿದ್ದಳು. ಅತ್ತೆ ಅದನ್ನು ನನ್ನಿಂದ ಮೂರು ಸಲ ಓದಿಸಿದರು. "ತಾಯಿ ಜೀವ ನೋಡ್ರಿ" ಎಂದು ಕಣ್ಣೊರೆಸಿಕೊಂಡರು.

ಕೊನೆಯ ರೇಸಿನ ಹಿಂದಿನ ದಿನ ಅತ್ತೆಗೆ ನೆಗಡಿ. ಮಾತ್ರೆ ನುಂಗಿ ಮಲಗಿದವರು ಬೆಳಿಗ್ಗೆ ಬಾಗಿಲು ಬಡಿಯಲಿಲ್ಲ. ಐದಕ್ಕೆ ನಾನೇ ಎದ್ದು ಟೀವಿ ಹಾಕಿದೆ. ಮಾರ್ತಾ ಕೈಗೆ ಪಟ್ಟಿ ಸುತ್ತಿಕೊಂಡು ಕಾರಿನಲ್ಲಿ ಕುಳಿತಿದ್ದಳು. ಒಂದೊಂದೇ ಸುತ್ತು ಕಳೆಯಿತು. ಗೇರು ಕೈಕೊಡಲಿಲ್ಲ, ಹೊಗೆ ಬರಲಿಲ್ಲ. ಎಲ್ಲರಿಗಿಂತ ಹಿಂದೆ, ಒಬ್ಬಳೇ, ಗೆರೆ ದಾಟಿದಳು. ನಾನು ಸೋಫಾದ ಮೇಲೆ ನಿಂತು ಕೂಗಿದೆ.

ತಿರುಗಿ ನೋಡಿದರೆ ಶಾಲು ಹೊದ್ದ ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ, ಪಕ್ಕದಲ್ಲಿ ವಿದ್ಯಾ. ಟೀವಿಯಲ್ಲಿ ಜಾಹೀರಾತು.

"ಮುಗೀತೇನ್ರೀ?" ಎಂದರು ಅತ್ತೆ.

"ಅಮ್ಮನ್ನ ಯಾಕೆ ಎಬ್ಬಿಸಲಿಲ್ಲ?" ಎಂದಳು ವಿದ್ಯಾ.

ಹುಷಾರಿಲ್ಲದವರು, ಮಲಗಿರಲಿ ಅಂತ ಬಿಟ್ಟೆ ಎಂದು ಹೇಳಬಹುದಿತ್ತು. ಆದರೆ ಅತ್ತೆಗೆ ನಾನು ಒಂದು ಸುಳ್ಳು ಹೇಳಿಯಾಗಿತ್ತು. ಸೋಫಾದಿಂದ ಇಳಿದು ನಿಜ ಹೇಳಿದೆ: ನೆನಪೇ ಆಗಲಿಲ್ಲ.